ಡ್ರಿಲ್ ಹಿಡಿಯುವ ಮೊದಲು ಅಭಿಧಮನಿಯ ದಾರಿ ನೋಡಿ

ಎಲ್ಲರೂ ಒಮ್ಮೆ ನಿಮ್ಮ ಬಲಗೈ ಬೆರಳನ್ನು ಬಲಗಿವಿಯ ಹಿಂದೆ ಇಟ್ಟುಕೊಳ್ಳಿ. ಹಾಲೆಯ ಹಿಂದೆ ಗಟ್ಟಿಯಾದ ಮೂಳೆಯ ಉಬ್ಬು ಸಿಗುತ್ತದೆ ಅಲ್ಲವೇ? ಅದು ಮಾಸ್ಟಾಯ್ಡ್ ಮೂಳೆ. ಕಿವಿಯ ದೊಡ್ಡ ಆಪರೇಷನ್‌ಗಳಲ್ಲಿ ಹೆಚ್ಚಿನವು ಶುರುವಾಗುವುದು ಇಲ್ಲಿಂದಲೇ. ನೀವು ಬೆರಳಿಟ್ಟ ಜಾಗದಿಂದ ಒಳಕ್ಕೆ, ಹೆಚ್ಚಿನವರಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಆಳದಲ್ಲಿ, ಕಿರುಬೆರಳಿನಷ್ಟು ಅಗಲದ ಒಂದು ರಕ್ತದ ಹಾದಿ ಬಳುಕಿಕೊಂಡು ಕೆಳಗೆ ಇಳಿಯುತ್ತದೆ. ಅದರ ಹೆಸರು ಸಿಗ್ಮಾಯ್ಡ್ ಸೈನಸ್. ಮೂಗಿನ ಸೈನಸ್ ಅಲ್ಲ ಇದು, ಮಿದುಳಿನ ರಕ್ತ ಇಳಿದು ಬರುವ ದೊಡ್ಡ ಅಭಿಧಮನಿ.

ವಯಸ್ಕರ ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹೋಗುತ್ತದೆ. ಹೋದದ್ದು ವಾಪಸ್ ಬರಬೇಕಲ್ಲ. ನಾವು ಮಲಗಿರುವಾಗ ಅದರ ಬಹುಪಾಲು ಎಡ ಬಲ ಕಿವಿಗಳ ಹಿಂದಿನ ಈ ಎರಡು ಹಾದಿಗಳಲ್ಲೇ ಇಳಿದು, ಕತ್ತಿನ ಜುಗುಲರ್ ಅಭಿಧಮನಿ ಸೇರಿ, ಹೃದಯಕ್ಕೆ ಮರಳುತ್ತದೆ. ಕಿವಿಯ ಶಸ್ತ್ರವೈದ್ಯ ಡ್ರಿಲ್ ತಿರುಗಿಸುವುದು ಈ ಹಾದಿಯ ಪಕ್ಕದಲ್ಲಿ, ಎಷ್ಟೋ ಸಲ ಅದರ ಮೈಮೇಲೆಯೇ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಅಭಿಧಮನಿಗಳು ಎಲ್ಲರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಇದ್ದಂತೆ ಇಲ್ಲ ಎಂದ ಮಾತ್ರಕ್ಕೆ ಅದು ರೋಗವೂ ಅಲ್ಲ. ಆದರೆ ಈ ವ್ಯಕ್ತಿಯಲ್ಲಿ ಅದು ಎಲ್ಲಿದೆ ಎಂಬುದನ್ನು ಆಪರೇಷನ್‌ಗೆ ಮೊದಲೇ ನೋಡಿ ತಿಳಿದಿರಬೇಕು. ತಿಳಿದಿದ್ದರೆ ಅದೊಂದು ಸಂಗತಿ ಅಷ್ಟೇ. ತಿಳಿಯದೆ ಒಳಗೆ ಹೋದರೆ ಅದೇ ಅಪಾಯ.

ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳಿಗಿಂತ, ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಗಳಲ್ಲಿ ವ್ಯತ್ಯಾಸ ಯಾಕೆ ಹೆಚ್ಚು? ನಿಮ್ಮ ಎರಡೂ ಅಂಗೈಗಳನ್ನು ಮಗುಚಿ ಪಕ್ಕಪಕ್ಕ ಇಟ್ಟು ನೋಡಿ. ಎಡಗೈಯ ಹಿಂಭಾಗದ ನೀಲಿ ನಾಳಗಳ ಕವಲು ಬಲಗೈಯಲ್ಲಿ ಹಾಗೇ ಇಲ್ಲ. ಒಬ್ಬರದೇ ದೇಹ, ಎರಡು ನಕ್ಷೆ. ಗರ್ಭದಲ್ಲಿ ಅಭಿಧಮನಿಗಳು ಮೊದಲು ಹುಟ್ಟುವುದು ಒಂದು ಜಾಲವಾಗಿ. ಆಮೇಲೆ ರಕ್ತ ಎಲ್ಲಿ ಹೆಚ್ಚು ಹರಿಯುತ್ತದೋ ಆ ಎಳೆ ಅಗಲವಾಗುತ್ತದೆ, ಹರಿವು ತಪ್ಪಿದ ಎಳೆಗಳು ಬತ್ತಿಹೋಗುತ್ತವೆ. ಯಾವುದು ಉಳಿಯುತ್ತದೆ, ಯಾವುದು ಬತ್ತುತ್ತದೆ ಎಂಬುದು ಪ್ರತಿ ಮಗುವಿನಲ್ಲೂ ಸ್ವಲ್ಪ ಬೇರೆ. ಕೆಲವರಲ್ಲಿ ಬತ್ತಬೇಕಾದ ಎಳೆ ಬತ್ತದೆ ಉಳಿದುಬಿಡುತ್ತದೆ.

ತಲೆಯೊಳಗೂ ಎಡ ಬಲ ಸಮಾನವಲ್ಲ. ನೆತ್ತಿಯ ನಡುವೆ ಹಿಂದಕ್ಕೆ ಹರಿದು ಬರುವ ದೊಡ್ಡ ಸೈನಸ್ ಹಿಂದಲೆಯಲ್ಲಿ ಕವಲೊಡೆಯುತ್ತದೆ. ಹೆಚ್ಚಿನವರಲ್ಲಿ ಅದರ ಮುಖ್ಯ ಹರಿವು ಬಲಕ್ಕೆ ತಿರುಗುತ್ತದೆ. ಆದ್ದರಿಂದ ಬಲಗಿವಿಯ ಹಿಂದಿನ ಸೈನಸ್ ಎಡದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಕೆಲವರಲ್ಲಿ ಎಡಗಡೆಯದು ಸಣ್ಣ ದಾರದಷ್ಟೇ ಇರುತ್ತದೆ, ಅಪರೂಪಕ್ಕೆ ಇಲ್ಲವೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಜರ್ಮನಿಯ ಹರ್ಮನ್ ಶ್ವಾರ್ಟ್ಸೆ ಮತ್ತು ಅವರ ಸಹಾಯಕ ಐಸೆಲ್ 1873ರಲ್ಲಿ ಮಾಸ್ಟಾಯ್ಡ್ ಮೂಳೆಯನ್ನು ತೆರೆದು ಕೀವು ತೆಗೆಯುವ ಕ್ರಮವನ್ನು ವ್ಯವಸ್ಥಿತವಾಗಿ ಬರೆದರು. ಆಗ ಕೈಯಲ್ಲಿದ್ದದ್ದು ಉಳಿ ಮತ್ತು ಸುತ್ತಿಗೆ. ಎಕ್ಸ್‌ರೇ ಇನ್ನೂ ಕಂಡುಹಿಡಿದಿರಲಿಲ್ಲ, ಆಂಟಿಬಯಾಟಿಕ್ ಇರಲಿಲ್ಲ. ಮೂಳೆಯ ಒಳಗೆ ಸೈನಸ್ ಎಲ್ಲಿದೆ ಎಂಬುದು ಉಳಿಯ ಏಟು ಬಿದ್ದ ಮೇಲೆ ಗೊತ್ತಾಗುವ ವಿಷಯವಾಗಿತ್ತು. ಸೋರುವ ಕಿವಿಯ ಸೋಂಕು ಸೈನಸ್ಸಿಗೆ ತಗುಲಿ ಅದರಲ್ಲಿ ಕೀವುಗೂಡಿದ ಹೆಪ್ಪು ಕಟ್ಟಿದರೆ, ಚಳಿ ನಡುಕದ ಜ್ವರ ಏರಿಳಿಯುತ್ತಾ ರೋಗಿ ಸಾಯುತ್ತಿದ್ದ. ಪ್ರಾಗ್ ನಗರದ ಎಮ್ಯಾನುಯೆಲ್ ಝೌಫಾಲ್ 1880ರಲ್ಲಿ, ಕತ್ತಿನ ಜುಗುಲರ್ ಅಭಿಧಮನಿಗೆ ಗಂಟು ಹಾಕಿ ಆ ಸೋಂಕು ಹೃದಯದ ಕಡೆ ಇಳಿಯದಂತೆ ತಡೆಯಬಹುದು ಎಂಬ ಸಲಹೆ ಮುಂದಿಟ್ಟರು. ಆ ಕಾಲಕ್ಕೆ ಅದು ತುಂಬಾ ಧೈರ್ಯದ ಮಾತು. ಆದರೆ ಒಂದು ಪ್ರಶ್ನೆ ಅಲ್ಲೇ ಇತ್ತು: ಎದುರುಗಡೆಯ ಅಭಿಧಮನಿ ಸಣ್ಣದಾಗಿದ್ದರೆ ಮಿದುಳಿನ ರಕ್ತ ಎಲ್ಲಿಗೆ ಹೋಗಬೇಕು? ಅದನ್ನು ಮೊದಲೇ ತಿಳಿಯುವ ಉಪಾಯ ಅವರ ಕೈಯಲ್ಲಿರಲಿಲ್ಲ.

ಸ್ವೀಡನ್ನಿನ ಕಾರ್ಲ್ ನೈಲೆನ್ 1921ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ಬಳಸಿದರು. 1953ರಲ್ಲಿ ಝೈಸ್ ಕಂಪನಿಯ ಆಪರೇಟಿಂಗ್ ಮೈಕ್ರೋಸ್ಕೋಪ್ ಬಂತು. ಉಳಿಯ ಜಾಗಕ್ಕೆ ಎಲೆಕ್ಟ್ರಿಕ್ ಡ್ರಿಲ್ ಬಂತು. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. ಇವತ್ತು ಅರ್ಧ ಮಿಲಿಮೀಟರ್ ತೆಳುವಿನ ಪದರಗಳಲ್ಲಿ ಕಿವಿಯ ಮೂಳೆಯನ್ನು ನೋಡಬಹುದು. ಶ್ವಾರ್ಟ್ಸೆ, ಝೌಫಾಲ್ ಅವರಿಗೆ ಇಲ್ಲದ ಕಣ್ಣು ನಮಗೆ ಇದೆ. ಹಾಗಾಗಿ ನೋಡದೆ ಇರುವ ಹಕ್ಕು ನಮಗಿಲ್ಲ ಎಂದು ನಾನು ನಂಬುತ್ತೇನೆ.

ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ಮುಂದಕ್ಕೆ ಸರಿದ ಸಿಗ್ಮಾಯ್ಡ್ ಸೈನಸ್.

ನಮ್ಮ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಬಾಲ್ಯದಿಂದ ಕಿವಿ ಸೋರುತ್ತಿರುವವರು ಬಹಳ. "ಚಿಕ್ಕಂದಿನಿಂದ ಸೋರ್ತಿದೆ ಸರ್, ಎಣ್ಣೆ ಬಿಟ್ಕೊಳ್ತಾ ಇದ್ದೆ" ಎನ್ನುವವರು. ಆರೋಗ್ಯವಂತರ ಮಾಸ್ಟಾಯ್ಡ್ ಮೂಳೆಯ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು ಇರುತ್ತವೆ. ಬಾಲ್ಯದಲ್ಲೇ ಸೋಂಕು ಮತ್ತೆ ಮತ್ತೆ ಬಂದವರಲ್ಲಿ ಆ ಗೂಡುಗಳು ಬೆಳೆದಿರುವುದಿಲ್ಲ. ಮೂಳೆ ಕುಗ್ಗಿ, ದಂತದಂತೆ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಇಂಥ ಮೂಳೆಯಲ್ಲಿ ಸಿಗ್ಮಾಯ್ಡ್ ಸೈನಸ್ ಸಾಮಾನ್ಯವಾಗಿ ಮುಂದಕ್ಕೂ ಹೊರಮೈ ಕಡೆಗೂ ಬಂದಿರುತ್ತದೆ. ಕಿವಿಯ ನಾಳದ ಹಿಂಗೋಡೆಗೂ ಸೈನಸ್ಸಿಗೂ ನಡುವೆ ಕೆಲವೇ ಮಿಲಿಮೀಟರ್ ಜಾಗ. ಮೇಲುಗಡೆ ಮಿದುಳಿನ ಹೊದಿಕೆಯಾದ ಡ್ಯೂರಾ ತಗ್ಗಿಗೆ ಇಳಿದಿರುತ್ತದೆ. ಹಾಗಾದರೆ ಕೊಲೆಸ್ಟಿಯಟೋಮಾ ಎಂಬ ಮೂಳೆ ತಿನ್ನುವ ಚರ್ಮದ ಗಂಟನ್ನು ತೆಗೆಯಲು ಯಾರಿಗೆ ಆಪರೇಷನ್ ಬೇಕೋ, ಅವರಲ್ಲೇ ಆಪರೇಷನ್‌ಗೆ ಜಾಗ ಕಡಿಮೆ, ಅವರಲ್ಲೇ ಸೈನಸ್ ಹತ್ತಿರ. ಈ ರೋಗದ ಸಂಕಟ ಇರುವುದೇ ಇಲ್ಲಿ.

ಡ್ರಿಲ್ ಮಾಡುವಾಗ ಏನು ಕಾಣುತ್ತದೆ, ಹೇಳುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಬಿಳಿ ಮೂಳೆ. ಅದರ ಮೇಲೆ ಸದಾ ನೀರು ಹರಿಯುತ್ತಿರುತ್ತದೆ, ಇಲ್ಲದಿದ್ದರೆ ಮೂಳೆ ಬಿಸಿಯಾಗಿ ಪಕ್ಕದ ಮುಖದ ನರಕ್ಕೆ ಏಟಾಗುತ್ತದೆ. ಎಡಗೈಯಲ್ಲಿ ಸಕ್ಷನ್, ಬಲಗೈಯಲ್ಲಿ ಡ್ರಿಲ್. ಹಿಂಭಾಗದಲ್ಲಿ ಮೂಳೆ ತೆಳುವಾಗುತ್ತಾ ಬಂದಂತೆ ಬಿಳಿಯ ಒಳಗಿನಿಂದ ಮಬ್ಬು ನೀಲಿ ಏಳುತ್ತದೆ. ಡ್ರಿಲ್ಲಿನ ಸದ್ದೂ ಬದಲಾಗುತ್ತದೆ, ತುಂಬಿದ ಮೂಳೆಯ ಸದ್ದು ಬೇರೆ, ತೆಳು ಹಲಗೆಯ ಸದ್ದು ಬೇರೆ. ನೀಲಿ ಕಂಡ ಕೂಡಲೇ ಡ್ರಿಲ್ಲಿನ ತುದಿಗೆ ಹಾಕಿದ ಕಚ್ಚುವ ಹಲ್ಲಿನ ಬರ್ ತೆಗೆದು ವಜ್ರದ ಪುಡಿ ಹಚ್ಚಿದ ಬರ್ ಹಾಕಬೇಕು. ಅದು ಮೂಳೆಯನ್ನು ಉಜ್ಜಿ ತೆಗೆಯುತ್ತದೆ, ಕೆಳಗಿನ ಮೆತ್ತನೆಯ ಗೋಡೆಯನ್ನು ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಬರ್ ಅನ್ನು ಸೈನಸ್ಸಿನ ಉದ್ದಕ್ಕೆ ಸಮವಾಗಿ ಓಡಿಸಬೇಕು, ಅಡ್ಡಡ್ಡ ಅಲ್ಲ. ಬೆರಳಿಟ್ಟರೆ ಬಗ್ಗುವಷ್ಟು ತೆಳುವಾದ ಒಂದು ಪದರ ಮೂಳೆಯನ್ನು ಅದರ ಮೇಲೆ ಉಳಿಸಿಕೊಳ್ಳುವುದು ಒಳ್ಳೆಯ ಕೈಯ ಗುರುತು.

ಆದರೆ ಈ ನೀಲಿ ಬಣ್ಣವನ್ನೇ ನಂಬಿ ಹೋಗುವವರಿಗೆ ನಾನು ಹೇಳುವುದು ಇಷ್ಟು: ಕೆಲವರಲ್ಲಿ ಸೈನಸ್ಸಿನ ಮೇಲೆ ಮೂಳೆಯೇ ಇರುವುದಿಲ್ಲ. ರೋಗ ಅದನ್ನು ತಿಂದಿರಬಹುದು, ಅಥವಾ ಹುಟ್ಟಿನಿಂದಲೇ ಅಲ್ಲಿ ಕಿಂಡಿ ಇರಬಹುದು. ಅಲ್ಲಿ ನೀಲಿ ಬಣ್ಣದ ಎಚ್ಚರಿಕೆ ಸಿಗುವುದಿಲ್ಲ. ಆ ಎಚ್ಚರಿಕೆಯನ್ನು ಸ್ಕ್ಯಾನೇ ಕೊಡಬೇಕು.

ಎರಡನೆಯದು ಜುಗುಲರ್ ಬಲ್ಬ್. ನನಗೆ ಇದರಷ್ಟು ಕುತೂಹಲದ ಅಂಗ ಕಿವಿಯ ಸುತ್ತ ಇನ್ನೊಂದಿಲ್ಲ. ಸಿಗ್ಮಾಯ್ಡ್ ಸೈನಸ್ ತಲೆಬುರುಡೆಯಿಂದ ಹೊರಬಿದ್ದು ಕತ್ತಿನ ಅಭಿಧಮನಿಯಾಗುವ ತಿರುವಿನಲ್ಲಿ ಒಂದು ಉಬ್ಬು ಇರುತ್ತದೆ. ಮಧ್ಯಕಿವಿಯ ನೆಲದ ಕೆಳಗೆ ಅದರ ಜಾಗ. ಹುಟ್ಟಿದ ಮಗುವಿನಲ್ಲಿ ಈ ಉಬ್ಬು ಇರುವುದೇ ಇಲ್ಲ. ಮಗು ಎದ್ದು ನಿಂತು, ನಡೆದು, ರಕ್ತದ ಒತ್ತಡದ ಅಲೆಗಳು ಕೆಳಗಿನಿಂದ ಮೇಲಕ್ಕೆ ಬಡಿಯತೊಡಗಿದ ಮೇಲೆ, ಸುಮಾರು ಎರಡು ವರ್ಷದ ನಂತರ ಅದು ಕಾಣಿಸಿಕೊಳ್ಳುತ್ತದೆ, ದೊಡ್ಡವರಾಗುವವರೆಗೂ ಬೆಳೆಯುತ್ತದೆ. ಹರಿವು ಹೆಚ್ಚಿರುವ ಬಲಗಡೆಯಲ್ಲೇ ಅದು ಎತ್ತರಕ್ಕೆ ಏರುವುದು ಹೆಚ್ಚು.

ಏರುತ್ತಾ ಏರುತ್ತಾ ಕೆಲವರಲ್ಲಿ ಅದು ಮಧ್ಯಕಿವಿಯ ನೆಲವನ್ನು ದಾಟಿ ಒಳಗೇ ಬರುತ್ತದೆ. ಮೇಲೆ ತೆಳು ಮೂಳೆಯ ಹೊದಿಕೆ ಇದ್ದರೆ ಎತ್ತರದ ಬಲ್ಬ್ ಎನ್ನುತ್ತೇವೆ. ಆ ಹೊದಿಕೆಯೂ ಇಲ್ಲದಿದ್ದರೆ ಬರಿಯ ಅಭಿಧಮನಿಯ ಗೋಡೆ ಕಿವಿಯ ತಮಟೆಯ ಹಿಂದೆ ಬಂದು ನಿಂತಿರುತ್ತದೆ. ಹೊರಗಿನಿಂದ ದೀಪ ಹಾಕಿ ನೋಡಿದರೆ ತಮಟೆಯ ಹಿಂಭಾಗದ ಕೆಳ ಮೂಲೆಯಲ್ಲಿ ನೀಲಿ ಛಾಯೆ ಕಾಣುತ್ತದೆ. ಮೂಗು ಬಾಯಿ ಮುಚ್ಚಿ ಉಸಿರು ಬಿಗಿ ಹಿಡಿದರೆ ಅದು ಇನ್ನಷ್ಟು ಉಬ್ಬಬಹುದು.

ಇದನ್ನು ನೋಡಿ ಏನೆಂದು ಭಾವಿಸಬಹುದು? ಹಳೆಯ ರಕ್ತ ಅಥವಾ ದ್ರವ ತುಂಬಿದೆ ಎನ್ನಬಹುದು. ಗ್ಲೋಮಸ್ ಎಂಬ ರಕ್ತತುಂಬಿದ ಗಡ್ಡೆ ಎನ್ನಬಹುದು. ಮಕ್ಕಳಲ್ಲಿ ಕಿವಿಯೊಳಗೆ ದ್ರವ ನಿಂತಾಗ ತಮಟೆಯಲ್ಲಿ ಸಣ್ಣ ಗಾಯ ಮಾಡಿ ಗ್ರೋಮೆಟ್ ಎಂಬ ಪುಟ್ಟ ನಳಿಕೆ ಇಡುತ್ತೇವೆ. ಬಹಳ ಸರಳವಾದ, ದಿನಾ ನಡೆಯುವ ಕೆಲಸ. ಆದರೆ ಆ ಪುಟ್ಟ ಚಾಕು ತಮಟೆಯ ಹಿಂದೆ ನಿಂತ ಬಲ್ಬಿಗೆ ತಗುಲಿದರೆ ಕಿವಿಯ ನಾಳ ಕ್ಷಣದಲ್ಲಿ ಕಡುಗೆಂಪು ರಕ್ತದಿಂದ ತುಂಬುತ್ತದೆ. ತಮಟೆಯ ಮುಂಭಾಗದ ಕೆಳಗೆ ಚಾಕು ಇಡಬೇಕು, ಹಿಂಭಾಗಕ್ಕೆ ಹೋಗಬಾರದು ಎಂಬ ಹಳೆಯ ಪಾಠದ ಹಿಂದೆ ಇದೂ ಒಂದು ಕಾರಣ. ತಮಟೆಯ ಹಿಂದೆ ನೀಲಿಯೋ ಕೆಂಪೋ ಕಂಡರೆ, ಸ್ಕ್ಯಾನ್ ನೋಡುವವರೆಗೆ ಅದಕ್ಕೆ ಸೂಜಿ ಚುಚ್ಚಬಾರದು, ತುಣುಕು ತೆಗೆದು ಪರೀಕ್ಷೆಗೆ ಕಳಿಸಬಾರದು. ಕೆಂಪು ಮತ್ತು ಮುಂಭಾಗದಲ್ಲಿದ್ದರೆ ಅದು ದಾರಿ ತಪ್ಪಿ ಬಂದ ಕೆರೋಟಿಡ್ ಅಪಧಮನಿಯೂ ಆಗಿರಬಹುದು, ಅದು ಇನ್ನೂ ಭಯಾನಕ. ನನ್ನ ವಿಷಯ ಇವತ್ತು ಅಭಿಧಮನಿ, ಅಲ್ಲಿಗೇ ನಿಲ್ಲಿಸುತ್ತೇನೆ.

ಎತ್ತರದ ಬಲ್ಬ್ ಬರೀ ರಕ್ತಸ್ರಾವದ ಪ್ರಶ್ನೆಯಲ್ಲ. ಅದು ಕಿವಿಯ ಸಣ್ಣ ಮೂಳೆಗಳಿಗೆ ತಾಗಿ ಕೇಳುವುದನ್ನು ಕಡಿಮೆ ಮಾಡಬಹುದು. ಒಳಕಿವಿಯ ದುಂಡು ಕಿಟಕಿಯನ್ನು ಮರೆ ಮಾಡಬಹುದು. ಕಿವುಡರಿಗೆ ಕೇಳಿಸುವಂತೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರ ಕೂರಿಸುವವರು ಒಳಕಿವಿಗೆ ಎಲೆಕ್ಟ್ರೋಡ್ ತೂರಿಸುವುದು ಅದೇ ಕಿಟಕಿಯಿಂದ. ಇನ್ನು ಶ್ರವಣನರದ ಗಡ್ಡೆ ತೆಗೆಯುವವರಿಗೆ, ಬಲ್ಬ್ ಎಷ್ಟು ಮೇಲೆ ಬಂದಿದೆಯೋ ಅಷ್ಟು ದಾರಿ ಕಿರಿದು. ಮೆನಿಯರ್ ತಲೆಸುತ್ತಿಗೆ ಒಳಕಿವಿಯ ಚೀಲದ ಆಪರೇಷನ್ ಮಾಡುವವರಿಗೂ ಇದೇ ತೊಡಕು, ಸೈನಸ್ ಮುಂದೆ ಬಂದಿದ್ದರೆ ಆ ಚೀಲವನ್ನು ಹುಡುಕುವುದೇ ಕಷ್ಟ.

ಮೂರನೆಯದು ಸಣ್ಣ ನಾಳಗಳು. ಸಣ್ಣವು ಎಂದು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಬಹಳ. ನನ್ನ ಪ್ರಕಾರ ಇವತ್ತಿನ ಮಾತಿನಲ್ಲಿ ಮುಖ್ಯವಾದದ್ದೇ ಇದು.

ಸಿಗ್ಮಾಯ್ಡ್ ಸೈನಸ್‌ನಿಂದ ಮಾಸ್ಟಾಯ್ಡ್ ಮೂಳೆಯನ್ನು ತೂರಿಕೊಂಡು ಕಿವಿಯ ಹಿಂದಿನ ಚರ್ಮದ ಕೆಳಗಿನ ನಾಳಗಳಿಗೆ ಒಂದು ಸೇತುವೆ ಇರುತ್ತದೆ. ಮಾಸ್ಟಾಯ್ಡ್ ಎಮಿಸರಿ ಅಭಿಧಮನಿ ಎಂದು ಅದರ ಹೆಸರು. ಹೆಚ್ಚಿನವರಲ್ಲಿ ಒಂದೆರಡು ಮಿಲಿಮೀಟರ್ ದಪ್ಪ. ಕೆಲವರಲ್ಲಿ ನಾಲ್ಕೈದು ಮಿಲಿಮೀಟರ್. ಕೆಲವರಲ್ಲಿ ಒಂದಕ್ಕಿಂತ ಹೆಚ್ಚು. ಇದರಲ್ಲಿ ಕವಾಟಗಳಿಲ್ಲ, ರಕ್ತ ಒಳಕ್ಕೂ ಹರಿಯಬಹುದು, ಹೊರಕ್ಕೂ. ಸೈನಸ್ಸಿನಲ್ಲಿ ಹೆಪ್ಪುಗಟ್ಟಿ ಅದು ಈ ಸೇತುವೆಯವರೆಗೆ ಬಂದರೆ ಕಿವಿಯ ಹಿಂದೆ ನೋವಿನಿಂದ ಕೂಡಿದ ಬಾವು ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ವಿಲ್ಹೆಲ್ಮ್ ಗ್ರೀಸಿಂಗರ್ ಅವರ ಹೆಸರಿನಲ್ಲಿ ಆ ಚಿಹ್ನೆಯನ್ನು ಇವತ್ತಿಗೂ ಕಲಿಸುತ್ತೇವೆ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಬೆರಳ ತುದಿಯಿಂದ ತಲೆಯೊಳಗಿನ ಸುದ್ದಿ ತಿಳಿಯುತ್ತಿದ್ದದ್ದು ಹೀಗೆ.

ಇನ್ನೊಂದು ಪೆಟ್ರೋಸ್ಕ್ವಾಮೋಸಲ್ ಸೈನಸ್. ಗರ್ಭದಲ್ಲಿ ತಲೆಯ ರಕ್ತ ಹೊರಹೋಗುವ ದಾರಿಗಳಲ್ಲಿ ಇದೂ ಒಂದು. ಕಿವಿಮೂಳೆಯ ಎರಡು ಭಾಗಗಳು ಕೂಡುವ ಸಂದಿನಲ್ಲಿ ಹರಿಯುತ್ತದೆ. ನಾಯಿ, ಕುದುರೆಗಳಂಥ ಪ್ರಾಣಿಗಳಲ್ಲಿ ಇಂಥ ಹಾದಿ ಜೀವನಪೂರ್ತಿ ಉಳಿದಿರುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಬತ್ತಿಹೋಗುತ್ತದೆ. ಬತ್ತದೆ ಉಳಿದವರಲ್ಲಿ, ಮಾಸ್ಟಾಯ್ಡ್ ತೆರೆಯುವಾಗ ಮೇಲ್ಭಾಗದಲ್ಲಿ, ಯಾರೂ ಅಭಿಧಮನಿಯನ್ನು ನಿರೀಕ್ಷಿಸದ ಜಾಗದಲ್ಲಿ, ರಕ್ತ ಚಿಮ್ಮುತ್ತದೆ.

ಇವುಗಳಿಂದ ರಕ್ತ ಬಂದರೆ ಸಾಮಾನ್ಯವಾಗಿ ಮಾಡುವುದೇನು? ಮೂಳೆಯ ಮೇಣ ಒತ್ತಿ ತೂತು ಮುಚ್ಚಿಬಿಡುವುದು. ಹೆಚ್ಚಿನವರಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಹುಟ್ಟು ಕಿವುಡಿನ ಕೆಲವು ಮಕ್ಕಳ ವಿಷಯ ಬೇರೆ. ಚಾರ್ಜ್ ಸಿಂಡ್ರೋಮ್ ಎಂಬ ಜನ್ಮಜಾತ ಸ್ಥಿತಿ ಇದೆ. ಕಣ್ಣು, ಹೃದಯ, ಮೂಗಿನ ಹಿಂದಾರಿ, ಕಿವಿ ಎಲ್ಲದರಲ್ಲೂ ಬೆಳವಣಿಗೆಯ ದೋಷ. ಒಳಕಿವಿಯ ಅರ್ಧವೃತ್ತ ನಾಳಗಳು ಹೆಚ್ಚಿನವರಲ್ಲಿ ಬೆಳೆದಿರುವುದಿಲ್ಲ ಅಥವಾ ಇರುವುದೇ ಇಲ್ಲ. ಇಂಥ ಎಷ್ಟೋ ಮಕ್ಕಳಲ್ಲಿ ಜುಗುಲರ್ ಅಭಿಧಮನಿ ಹೊರಬರುವ ತಲೆಬುರುಡೆಯ ರಂಧ್ರ ತುಂಬಾ ಕಿರಿದು, ಕೆಲವೊಮ್ಮೆ ಮುಚ್ಚಿಯೇ ಇರುತ್ತದೆ. ತಲೆಬುರುಡೆಯ ಹೊಲಿಗೆಗಳು ಬೇಗ ಬೆಸೆದುಕೊಳ್ಳುವ ಕ್ರೂಜಾನ್ ಸಿಂಡ್ರೋಮ್‌ನಲ್ಲೂ ಹೀಗಾಗಬಹುದು. ಆಗ ಮಿದುಳಿನ ರಕ್ತ ಹೊರಬರುವುದು ಎಲ್ಲಿಂದ? ಈ ಎಮಿಸರಿಗಳಿಂದ, ಈ ಪೆಟ್ರೋಸ್ಕ್ವಾಮೋಸಲ್ ಸೈನಸ್‌ನಿಂದ. ಅದಕ್ಕೇ ಅವು ಅಷ್ಟು ದಪ್ಪವಾಗಿರುತ್ತವೆ.

ನಮ್ಮ ಊರುಗಳ ಕೆರೆ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ತೂಬು ಕಟ್ಟಿಹೋದ ಕೆರೆಯಲ್ಲಿ ಹೆಚ್ಚುವರಿ ನೀರು ಕೋಡಿಯಲ್ಲಿ ಹರಿಯುತ್ತದೆ. ಆ ಕೋಡಿಗೆ ಮಣ್ಣು ಸುರಿದು ಮುಚ್ಚಿದರೆ ಒಡೆಯುವುದು ಏರಿ. ದಪ್ಪಗಿರುವ ಎಮಿಸರಿ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ತೂಬು ತೆರೆದಿದೆಯೇ? ಜುಗುಲರ್ ರಂಧ್ರ ಸರಿಯಿದೆಯೇ? ಅದು ಸರಿಯಿಲ್ಲದ ಮಗುವಿನಲ್ಲಿ ಎಮಿಸರಿಗೆ ಮೇಣ ಹಚ್ಚಿದರೆ ಮಿದುಳಿನ ಒತ್ತಡ ಏರುತ್ತದೆ. ಆ ಮಗುವಿಗೆ ಇಂಪ್ಲಾಂಟ್ ಮಾಡಬಾರದು ಎಂದಲ್ಲ. ಖಂಡಿತ ಮಾಡಬಹುದು. ಗಾಯದ ಗೆರೆಯನ್ನು, ಇಂಪ್ಲಾಂಟ್ ಕೂರಿಸುವ ಜಾಗವನ್ನು ಆ ನಾಳ ಬಿಟ್ಟು ಆಚೆ ಹಾಕಿಕೊಳ್ಳಬೇಕು, ಅಷ್ಟೇ.

ಕರ್ನಾಟಕದಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದಾಗ ಹುಟ್ಟು ಕಿವುಡು ಮಗುವಿಗೆ ಕೊಡಲು ಇದ್ದದ್ದು ಶ್ರವಣಯಂತ್ರ ಮತ್ತು ವಾಕ್ ತರಬೇತಿ. ಇವತ್ತು ಸರ್ಕಾರದ ಯೋಜನೆಗಳಿಂದಾಗಿ ಹಳ್ಳಿಯ ಬಡ ಮಗುವಿಗೂ ಕಾಕ್ಲಿಯರ್ ಇಂಪ್ಲಾಂಟ್ ಸಿಗುತ್ತಿದೆ. ಬಹಳ ದೊಡ್ಡ ಮಾತು ಇದು. ಜೊತೆಗೆ, ತೀರಾ ಎಳೆಯ, ಅಂಗರಚನೆ ಬೇರೆಯಾಗಿರುವ ಮಕ್ಕಳ ಕಿವಿಯನ್ನು ನಾವು ಹಿಂದೆಂದಿಗಿಂತ ಹೆಚ್ಚು ತೆರೆಯುತ್ತಿದ್ದೇವೆ. ಒಂದೆರಡು ವರ್ಷದ ಮಗುವಿನ ಮೈಯಲ್ಲಿ ಇರುವ ರಕ್ತವೇ ಕಡಿಮೆ. ದೊಡ್ಡವರಲ್ಲಿ ಲೆಕ್ಕಕ್ಕಿಲ್ಲದ ರಕ್ತಸ್ರಾವ ಆ ಮಗುವಿಗೆ ದೊಡ್ಡದು.

ರಕ್ತ ಬಂದೇಬಿಟ್ಟರೆ ಏನು ಮಾಡಬೇಕು ಎಂದು ಕಿರಿಯರು ಕೇಳುತ್ತಾರೆ. ಮೊದಲು, ಗಾಬರಿಯಾಗಬೇಡಿ. ಇದು ಅಪಧಮನಿಯಲ್ಲ. ಪ್ರಮಾಣ ನೋಡಿದರೆ ಭಯವಾಗುತ್ತದೆ, ಆದರೆ ಒತ್ತಡ ಕಡಿಮೆ. ಬೆರಳಿಟ್ಟರೆ ನಿಲ್ಲುತ್ತದೆ. ಗಾಬರಿಯಲ್ಲಿ ಕರೆಂಟಿನ ಕಾಟರಿ ಹಿಡಿದು ಸುಟ್ಟರೆ ತೆಳು ಗೋಡೆ ಸುರುಟಿಕೊಂಡು ತೂತು ದೊಡ್ಡದಾಗುತ್ತದೆ. ರಕ್ತ ನಿಲ್ಲಿಸುವ ಸರ್ಜಿಸೆಲ್ ಅಥವಾ ಜೆಲ್‌ಫೋಮ್‌ನ, ತೂತಿಗಿಂತ ಸಾಕಷ್ಟು ಅಗಲವಾದ ತುಂಡನ್ನು ಮೇಲೆ ಹಾಸಿ, ಅದರ ಮೇಲೆ ಒದ್ದೆ ಹತ್ತಿಯ ಪ್ಯಾಟಿ ಇಟ್ಟು, ಮೆತ್ತಗೆ ಒತ್ತಿಕೊಂಡು ಕಾಯಬೇಕು. ಅಗಲ ಯಾಕೆಂದರೆ ಸಣ್ಣ ತುಂಡು ತೂತಿನೊಳಗೆ ಜಾರಿ ರಕ್ತದೊಡನೆ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಬಹುದು. ಬಿಗಿಯಾಗಿ ತುರುಕಿದರೆ ಸೈನಸ್ಸೇ ಮುಚ್ಚಿಹೋಗಬಹುದು. ಬಲ್ಬಿನ ಬಳಿ ಇನ್ನೂ ಒಂದು ತೊಂದರೆ: ನುಂಗುವುದಕ್ಕೆ, ಧ್ವನಿಗೆ, ಭುಜಕ್ಕೆ ಹೋಗುವ ಮೂರು ನರಗಳು ಅದೇ ರಂಧ್ರದಿಂದ ಹೊರಬರುತ್ತವೆ. ರಕ್ತ ನಿಲ್ಲಿಸುವ ಆತುರದಲ್ಲಿ ಅಲ್ಲಿ ತುರುಕಿದರೆ ರೋಗಿಗೆ ಎಚ್ಚರವಾದ ಮೇಲೆ ನೀರು ಕುಡಿದರೆ ಕೆಮ್ಮು, ಮಾತು ಗೊಗ್ಗರು.

ರಕ್ತ ಹೊರಬರುವುದಕ್ಕಿಂತ ಗಾಳಿ ಒಳಹೋಗುವುದು ಹೆಚ್ಚು ಅಪಾಯ. ತಲೆ ಹೃದಯಕ್ಕಿಂತ ಎತ್ತರದಲ್ಲಿದ್ದರೆ ಈ ಸೈನಸ್‌ಗಳ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಮೂಳೆಗೆ ಅಂಟಿಕೊಂಡಿರುವುದರಿಂದ ಇವು ಕತ್ತಿನ ನಾಳದಂತೆ ಮುದುಡಿ ಮುಚ್ಚಿಕೊಳ್ಳುವುದಿಲ್ಲ. ತೂತು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದು ಮೊದಲು ಗೊತ್ತಾಗುವುದು ಅರಿವಳಿಕೆ ತಜ್ಞರಿಗೆ, ಮಾನಿಟರ್ ಮೇಲೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಏಕಾಏಕಿ ಕುಸಿದಾಗ. ತಕ್ಷಣ ಗಾಯಕ್ಕೆ ಸಲೈನ್ ಸುರಿದು ಮುಳುಗಿಸಬೇಕು, ತಲೆ ತಗ್ಗಿಸಬೇಕು, ಪೂರ್ಣ ಆಮ್ಲಜನಕ ಕೊಡಬೇಕು. ಅದಕ್ಕೇ ಸೈನಸ್ ಹತ್ತಿರವಿದೆ ಎಂದು ಸ್ಕ್ಯಾನಿನಲ್ಲಿ ಕಂಡರೆ ಆಪರೇಷನ್ ಶುರುವಾಗುವ ಮೊದಲೇ ಅರಿವಳಿಕೆ ತಜ್ಞರಿಗೂ ನರ್ಸಿಗೂ ಬಾಯಿಬಿಟ್ಟು ಹೇಳಬೇಕು. ಸರ್ಜಿಸೆಲ್ ಕಪಾಟಿನಲ್ಲಿದ್ದರೆ ಸಾಲದು, ಟ್ರಾಲಿಯ ಮೇಲೆ ಕತ್ತರಿಸಿ ಇಟ್ಟಿರಬೇಕು.

ಈಗ ಎಡ ಬಲದ ಮಾತಿಗೆ ಮರಳೋಣ. ಗಡ್ಡೆಯ ಆಪರೇಷನ್‌ಗಳಲ್ಲಿ ಕೆಲವೊಮ್ಮೆ ಒಂದು ಕಡೆಯ ಸೈನಸ್ಸನ್ನು ಉದ್ದೇಶಪೂರ್ವಕವಾಗಿಯೇ ಮುಚ್ಚಬೇಕಾಗುತ್ತದೆ. ಎದುರುಗಡೆಯದು ಚೆನ್ನಾಗಿದ್ದರೆ ಮಿದುಳು ತಡೆದುಕೊಳ್ಳುತ್ತದೆ. ಎದುರುಗಡೆಯದು ದಾರದಷ್ಟಿದ್ದರೆ? ಲಂಡನ್ನಿನ ನರರೋಗ ತಜ್ಞ ಚಾರ್ಲ್ಸ್ ಸೈಮಂಡ್ಸ್ 1931ರಲ್ಲಿ, ಕಿವಿಯ ಸೋಂಕಿನ ನಂತರ ತಲೆನೋವು, ವಾಂತಿ, ಕಣ್ಣಿನ ನರದ ಊತದೊಡನೆ ಬಂದ ರೋಗಿಗಳ ಬಗ್ಗೆ ಬರೆದರು. ದೊಡ್ಡ ಸೈನಸ್ ಇರುವ ಕಡೆಯೇ ಹೆಪ್ಪುಗಟ್ಟಿದರೆ ಹೀಗಾಗುವ ಸಂಭವ ಹೆಚ್ಚು ಎಂದು ಈಗ ತಿಳಿದಿದೆ. ಸಣ್ಣ ಸೈನಸ್ಸಿನಲ್ಲಿ ಆದರೆ ರೋಗಿಗೆ ಅದು ಗೊತ್ತೇ ಆಗದೆ ಹೋಗಬಹುದು. ಸಿ.ಟಿ.ಯಲ್ಲಿ ಎರಡೂ ಕಡೆಯ ಜುಗುಲರ್ ರಂಧ್ರಗಳ ಗಾತ್ರ ಹೋಲಿಸಿದರೆ ಒಂದು ಅಂದಾಜು ಸಿಗುತ್ತದೆ. ಸಂದೇಹವಿದ್ದರೆ ಅಭಿಧಮನಿಗಳನ್ನೇ ತೋರಿಸುವ ಎಂ.ಆರ್. ವೆನೋಗ್ರಾಮ್ ಎಂಬ ಸ್ಕ್ಯಾನ್ ಮಾಡಿಸಿ ಹರಿವನ್ನೇ ನೋಡಬೇಕು. ಮಿದುಳಿನ ಪಕ್ಕದ ಹಾಲೆಯಿಂದ ಇಳಿದು ಬರುವ ಲಾಬೆಯ ಅಭಿಧಮನಿ ಎಲ್ಲಿ ಸೇರುತ್ತದೆ ಎಂಬುದನ್ನೂ ಅದರಲ್ಲೇ ಗಮನಿಸಬೇಕು. ಅದು ಹರಿದರೆ ಆ ಕಡೆಯ ಮಿದುಳು ಊದಿಕೊಳ್ಳುತ್ತದೆ, ಎಡಗಡೆಯಾದರೆ ಮಾತೇ ಹೋಗಬಹುದು.

ಆಪರೇಷನ್ ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಇಲ್ಲಿ ಕೂತವರಲ್ಲೇ ಯಾರಿಗಾದರೂ ಉಪಯೋಗವಾಗಬಹುದು. "ಡಾಕ್ಟ್ರೇ, ರಾತ್ರಿ ಮಲಗಿದ್ರೆ ಕಿವಿಯೊಳಗೆ ಎದೆ ಬಡ್ಕೊಂಡ ಹಾಗೆ ಜುಸ್ ಜುಸ್ ಅಂತ ಸದ್ದು" ಎಂದು ಬರುವ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ಯಾರೂ ನಂಬಿರುವುದಿಲ್ಲ. ನಿದ್ದೆಗೆಟ್ಟು ಸೋತಿರುತ್ತಾರೆ. "ಅಮ್ಮಾ, ತಲೆಯನ್ನು ಆ ಕಡೆಗೇ ತಿರುಗಿಸಿ" ಎಂದು ಕತ್ತಿನ ಬದಿಯಲ್ಲಿ ಬೆರಳಿಂದ ಹಗುರವಾಗಿ ಅದುಮಿದಾಗ ಸದ್ದು ನಿಂತರೆ, ಅದು ಅಭಿಧಮನಿಯ ಸದ್ದು. ಸೈನಸ್ಸಿನ ಮೇಲಿನ ಮೂಳೆ ಇಲ್ಲದಿರುವುದು, ಗೋಡೆ ಚೀಲದಂತೆ ಹೊರಚಾಚಿರುವುದು, ಎತ್ತರದ ಬಲ್ಬ್, ದಪ್ಪ ಎಮಿಸರಿ, ಇವೆಲ್ಲ ಕಾರಣವಾಗಬಹುದು. ತಲೆಯೊಳಗಿನ ಒತ್ತಡ ಏರಿರುವುದೂ ಕಾರಣವಾಗಬಹುದು, ಆದ್ದರಿಂದ ಕಣ್ಣಿನ ನರ ನೋಡದೆ ಕಳಿಸಬಾರದು. ಈ ಅದುಮುವ ಪರೀಕ್ಷೆಯನ್ನು ವೈದ್ಯರೇ ಮಾಡಲಿ, ಮನೆಯಲ್ಲಿ ನೀವು ಕತ್ತು ಒತ್ತಿಕೊಳ್ಳಬೇಡಿ. ಇಷ್ಟು ಮಾತ್ರ ತಿಳಿದಿರಿ: ನಾಡಿಯ ತಾಳಕ್ಕೆ ಬರುವ ಸದ್ದು ಮನಸ್ಸಿನ ಭ್ರಮೆಯಲ್ಲ.

ಸ್ಕ್ಯಾನ್ ಓದುವುದು ಹೇಗೆ ಎಂದು ಕಿರಿಯರಿಗೆ ಎರಡು ಮಾತು. ವರದಿಯ ಹಾಳೆ ಓದಿ ಮುಗಿಸಬೇಡಿ. ಎಷ್ಟೋ ವರದಿಗಳಲ್ಲಿ ರೋಗದ ವಿವರ ಇರುತ್ತದೆ, ಅಭಿಧಮನಿಯ ಮಾತೇ ಇರುವುದಿಲ್ಲ, ಯಾಕೆಂದರೆ ಅದು ರೋಗವಲ್ಲ. ಚಿತ್ರಗಳನ್ನು ನೀವೇ ಕಂಪ್ಯೂಟರಿನಲ್ಲಿ ತೆರೆಯಿರಿ. ಕತ್ತಿನ ಕಡೆಯಿಂದ ಶುರುಮಾಡಿ, ಜುಗುಲರ್ ನಾಳವನ್ನು ಹಿಡಿದು ಒಂದೊಂದೇ ಪದರ ಮೇಲೆ ಬನ್ನಿ. ಬಲ್ಬ್ ಎಲ್ಲಿ ಮುಗಿಯಿತು? ತಮಟೆಯ ಕೆಳ ಅಂಚಿನ ಮಟ್ಟವನ್ನು ದಾಟಿತೇ? ಅದಕ್ಕೂ ಮಧ್ಯಕಿವಿಗೂ ನಡುವೆ ಬಿಳಿ ಗೆರೆ ಇದೆಯೇ, ಕಡಿದಿದೆಯೇ? ಅಲ್ಲಿಂದ ಸಿಗ್ಮಾಯ್ಡ್ ಹಿಡಿದು ಮೇಲೆ ಹೋಗಿ. ಕಿವಿನಾಳದ ಹಿಂಗೋಡೆಯಿಂದ ಎಷ್ಟು ಮಿಲಿಮೀಟರ್, ಅಳೆಯಿರಿ. ಹಿಂದಕ್ಕೆ ಯಾವುದಾದರೂ ಕಾಲುವೆ ಮೂಳೆಯನ್ನು ತೂರಿ ಹೊರಬರುತ್ತಿದೆಯೇ ನೋಡಿ. ಆಮೇಲೆ ಎದುರುಗಡೆಯ ಕಿವಿ. ಒಳ್ಳೆಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ನಮ್ಮ ರೇಡಿಯಾಲಜಿ ಸ್ನೇಹಿತರಿಗೂ ನನ್ನ ಕೋರಿಕೆ ಇದೆ: ಕಿವಿಯ ಸಿ.ಟಿ. ವರದಿಯಲ್ಲಿ ಸಿಗ್ಮಾಯ್ಡ್, ಬಲ್ಬ್, ಎಮಿಸರಿ ಮೂರಕ್ಕೂ ಒಂದೊಂದು ಸಾಲು ಬರೆಯಿರಿ, ಎಲ್ಲ ಸರಿಯಿದ್ದರೂ ಬರೆಯಿರಿ.

ಪುಸ್ತಕದಿಂದ, ಪರದೆಯಿಂದ ಇದು ಪೂರ್ತಿ ಬರುವುದಿಲ್ಲ. ದೇಹದಾನದಿಂದ ಬಂದ ಕಿವಿಮೂಳೆಗಳನ್ನು ಪ್ರಯೋಗಾಲಯದಲ್ಲಿ ಕೊರೆದು ಕಲಿಯಬೇಕು. ಒಂದೊಂದು ಮೂಳೆಯಲ್ಲೂ ಸೈನಸ್ ಒಂದೊಂದು ಜಾಗದಲ್ಲಿ ಸಿಗುತ್ತದೆ, ಆ ವ್ಯತ್ಯಾಸವನ್ನು ಕೈ ಕಲಿಯುವುದು ಅಲ್ಲೇ. ದೇಹದಾನ ಮಾಡಿದ ಕುಟುಂಬಗಳವರು ಈ ಸಭೆಯಲ್ಲಿದ್ದರೆ, ನಿಮ್ಮ ಮನೆಯವರಿಂದ ಕಲಿತ ಕೈ ಇನ್ನೊಬ್ಬರ ಮನೆಯ ಮಗುವನ್ನು ಕಾಪಾಡುತ್ತಿದೆ ಎಂದು ತಿಳಿಯಿರಿ.

ರೋಗಿಗಳಿಗೆ, ಅವರ ಮನೆಯವರಿಗೆ ಹೇಳುವುದು: ಸ್ಕ್ಯಾನಿನ ವರದಿಯ ಜೊತೆ ಸಿ.ಡಿ. ಕೂಡ ಕೇಳಿ ಪಡೆಯಿರಿ, ಜೋಪಾನ ಮಾಡಿ. ಆಪರೇಷನ್‌ಗೆ ಮೊದಲು "ರಕ್ತನಾಳ ಹತ್ತಿರ ಇದೆಯಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಕೊಲೆಸ್ಟಿಯಟೋಮಾ ಮತ್ತೆ ಬರಬಹುದಾದ ರೋಗ, ಎರಡನೆಯ ಸಲ ಆಪರೇಷನ್ ಬೇಕಾಗಬಹುದು, ಬೇರೆ ಊರಿನಲ್ಲಿ, ಬೇರೆ ವೈದ್ಯರ ಕೈಯಲ್ಲಿ. ಆಗ ಮೊದಲಿದ್ದ ಮೂಳೆಯ ಗುರುತುಗಳು ಉಳಿದಿರುವುದಿಲ್ಲ, ಸೈನಸ್ ಬರೀ ಚರ್ಮದ ಹೊದಿಕೆಯ ಕೆಳಗೆ ಇರಬಹುದು. ಹಾಗಾಗಿ ಶಸ್ತ್ರವೈದ್ಯರೇ, ನಿಮ್ಮ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಸಿಗ್ಮಾಯ್ಡ್ ಮುಂದಕ್ಕಿದೆ, ಇಷ್ಟು ಉದ್ದ ಮೂಳೆಯಿಲ್ಲದೆ ತೆರೆದಿದೆ, ಬಲ್ಬ್ ಮಧ್ಯಕಿವಿಯಲ್ಲಿ ಕಾಣುತ್ತದೆ, ಎಮಿಸರಿ ಇಂಥ ಜಾಗದಲ್ಲಿ ಸಿಕ್ಕಿತು. ಅದೇ ಸಾಲುಗಳನ್ನು ಡಿಸ್ಚಾರ್ಜ್ ಕಾರ್ಡಿನಲ್ಲೂ ಬರೆಯಿರಿ, ಕಾರ್ಡು ಕೈಗೆ ಕೊಡುವಾಗ ರೋಗಿಗೆ ಕನ್ನಡದಲ್ಲಿ ಓದಿ ಹೇಳಿ.